ಹೆದರಿಸುತ್ತೇವೆ ಎಂದು ಮಾತು ಕೊಡುವವರು ಯಾರು? ಹಾರರ್ ಟ್ರೇಲರ್ ಮತ್ತು ನಿರ್ಮಾಣ ಸಂಸ್ಥೆಗಳು

ಹಾರರ್ ಸಿನಿಮಾದ ಟ್ರೇಲರ್ ಹಾಕಿದಾಗ ಮೊದಲ ಹತ್ತು ಸೆಕೆಂಡು ಏನು ಕಾಣುತ್ತದೆ, ಒಮ್ಮೆ ಗಮನಿಸಿ ನೋಡಿ. ಹೆಚ್ಚಿನ ಸಲ ನಟರ ಹೆಸರು ಇರುವುದಿಲ್ಲ. ನಿರ್ದೇಶಕರ ಹೆಸರೂ ಆಮೇಲೆ ಬರುತ್ತದೆ. ಮೊದಲು ಬರುವುದು ಲೋಗೋ. ಅದರ ಮಾಮೂಲಿ ಸಂಗೀತವೂ ಇರುವುದಿಲ್ಲ. ಅದರ ಬದಲು ಗಾಳಿಯ ಸದ್ದೋ, ಬಾಗಿಲು ಕಿರುಗುಟ್ಟುವ ಸದ್ದೋ ಕೇಳುತ್ತದೆ. ಅದರ ಬೆನ್ನಿಗೇ ಒಂದು ಸಾಲು ಬರುತ್ತದೆ: 'ಇಂಥ ಸಿನಿಮಾ ಕೊಟ್ಟ ನಿರ್ಮಾಪಕರಿಂದ'. ಒಂದು ಕ್ಷಣ ಕತ್ತಲೆ. ಆಮೇಲೆ ಕಥೆ ಶುರು.

ಬೇರೆ ಬಗೆಯ ಸಿನಿಮಾಗಳಲ್ಲಿ ಆ ಜಾಗ ಸ್ಟಾರ್ ನಟರಿಗೆ ಮೀಸಲು. ಹಾರರ್‌ನಲ್ಲಿ ಅದು ನಿರ್ಮಾಣ ಸಂಸ್ಥೆಗೆ ಸಿಗುತ್ತದೆ. ಇದಕ್ಕೆ ಕಾರಣ ಸರಳ. ಹಾರರ್ ಸಿನಿಮಾಗಳನ್ನು ಸಾಮಾನ್ಯವಾಗಿ ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ. ದೊಡ್ಡ ನಟರಿಗೆ ಕೊಡುವಷ್ಟು ದುಡ್ಡು ಅಲ್ಲಿರುವುದಿಲ್ಲ. ಇನ್ನೂ ಒಂದು ವಿಷಯ ಇದೆ. ಪರದೆಯ ಮೇಲೆ ತುಂಬಾ ಪರಿಚಯದ ಮುಖ ಕಂಡರೆ ಭಯ ಅರ್ಧ ಇಳಿದುಹೋಗುತ್ತದೆ. ಇವರಿಗೆ ಏನೂ ಆಗುವುದಿಲ್ಲ ಎಂದು ಮನಸ್ಸು ಮೊದಲೇ ತೀರ್ಮಾನಿಸಿಬಿಡುತ್ತದೆ, ಅಲ್ವಾ? ಹಾಗಾಗಿ ಮುಖ ಹೊಸದಿರಬೇಕು, ಆದರೆ ಟಿಕೆಟ್ ಕೊಳ್ಳುವುದಕ್ಕೆ ಧೈರ್ಯ ಬರುವಷ್ಟು ಗುರುತಿನ ಹೆಸರೂ ಒಂದು ಬೇಕು. ಆ ಹೆಸರು ಬ್ಯಾನರ್‌ನದ್ದು.

ಟ್ರೇಲರ್ ಎಂದರೆ ನಿರ್ಮಾಣ ಸಂಸ್ಥೆ ನೋಡುಗರಿಗೆ ಕೊಡುವ ಮಾತು ಎಂದೇ ನಾನು ನೋಡುತ್ತೇನೆ. ಇಂಥ ಭಯ ಕೊಡುತ್ತೇವೆ, ಇಷ್ಟು ಕೊಡುತ್ತೇವೆ ಎಂಬ ಮಾತು. ಆದರೆ ಮಾತು ಕೊಡುವವರು, ಅದನ್ನು ಬರೆಯುವವರು, ಉಳಿಸಿಕೊಳ್ಳಬೇಕಾದವರು ಎಷ್ಟೋ ಸಲ ಬೇರೆ ಬೇರೆ ಜನ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಟ್ರೇಲರ್ ಕತ್ತರಿಸುವವರು ಯಾರು?

ಸಿನಿಮಾದ ನಿರ್ದೇಶಕರೇ ಟ್ರೇಲರ್ ಮಾಡುತ್ತಾರೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಲಿವುಡ್‌ನಲ್ಲಿ ಹಾಗಾಗುವುದು ಕಡಿಮೆ. ಅಲ್ಲಿ ಮೂರು ಪಕ್ಷಗಳಿವೆ. ಕಥೆ ಹುಡುಕಿ, ತಂಡ ಕಟ್ಟಿ, ಚಿತ್ರೀಕರಣ ಮುಗಿಸುವುದು ನಿರ್ಮಾಣ ಸಂಸ್ಥೆ. ಸಿನಿಮಾವನ್ನು ಥಿಯೇಟರ್‌ಗೆ ತಲುಪಿಸುವುದು, ಪ್ರಚಾರಕ್ಕೆ ದುಡ್ಡು ಹಾಕುವುದು ವಿತರಕರು, ಅಂದರೆ ಹೆಚ್ಚಾಗಿ ದೊಡ್ಡ ಸ್ಟುಡಿಯೋಗಳು. ಮೂರನೆಯದು ಟ್ರೇಲರ್ ಹೌಸ್. ಟ್ರೇಲರ್ ಕತ್ತರಿಸುವುದೇ, ಅಂದರೆ ಸಿನಿಮಾದ ತುಣುಕುಗಳನ್ನು ಆಯ್ದು ಜೋಡಿಸುವುದೇ ಇವರ ಕಸುಬು. ಈ ಕೆಲಸಕ್ಕೆಂದೇ 'ಗೋಲ್ಡನ್ ಟ್ರೇಲರ್' ಎಂಬ ಪ್ರಶಸ್ತಿ 1999ರಿಂದ ಇದೆ. ಅದರಲ್ಲಿ ಹಾರರ್‌ಗೆ ಬೇರೆ ವಿಭಾಗವೇ ಇದೆ.

ಕೆಲಸ ನಡೆಯುವ ರೀತಿ ಹೀಗೆ. ಚಿತ್ರೀಕರಣ ನಡೆಯುತ್ತಿರುವಾಗಲೇ ದಿನದಿನದ ತುಣುಕುಗಳು ಟ್ರೇಲರ್ ಹೌಸ್‌ಗೆ ಹೋಗುತ್ತವೆ. ಒಂದೇ ಸಿನಿಮಾಕ್ಕೆ ಎರಡು ಮೂರು ಹೌಸ್‌ಗಳಿಗೆ ಕೆಲಸ ಕೊಡುವುದೂ ಉಂಟು. ಬಂದ ಆವೃತ್ತಿಗಳನ್ನು ಸ್ಟುಡಿಯೋದ ಮಾರ್ಕೆಟಿಂಗ್ ವಿಭಾಗ ನೋಡುತ್ತದೆ, ತಿದ್ದಿಸುತ್ತದೆ, ಆಯ್ದ ಪ್ರೇಕ್ಷಕರ ಗುಂಪಿಗೆ ತೋರಿಸಿ ಪರೀಕ್ಷೆ ಮಾಡುತ್ತದೆ. ಸಿನಿಮಾದ ಸಂಕಲನ ಇನ್ನೂ ಮುಗಿದಿರುವುದಿಲ್ಲ, ಹಿನ್ನೆಲೆ ಸಂಗೀತ ಬಂದಿರುವುದಿಲ್ಲ. ಆದರೂ ಟ್ರೇಲರ್ ತಯಾರಾಗಿಬಿಡುತ್ತದೆ. ಟ್ರೇಲರ್‌ನಲ್ಲಿ ಕಂಡ ದೃಶ್ಯ ಸಿನಿಮಾದಲ್ಲಿ ಇಲ್ಲವಲ್ಲ ಎಂದು ನಮಗೆ ಅನಿಸುವುದಕ್ಕೆ ಇದೇ ಕಾರಣ. ಯಾರೋ ಬೇಕಂತಲೇ ಮೋಸ ಮಾಡಿರುವುದಿಲ್ಲ. ಆ ದೃಶ್ಯ ಆಮೇಲೆ ಕತ್ತರಿಗೆ ಸಿಕ್ಕಿರುತ್ತದೆ ಅಷ್ಟೆ.

ಈ ಏರ್ಪಾಡಿನಲ್ಲಿ ನಿರ್ಮಾಣ ಸಂಸ್ಥೆಯ ಮಾತು ಎಷ್ಟು ನಡೆಯುತ್ತದೆ? ಅದು ಒಪ್ಪಂದದ ಮೇಲೆ ನಿಂತಿದೆ. ಪ್ರಚಾರದ ದುಡ್ಡು ಯಾರದೋ ಕೊನೆಯ ಮಾತೂ ಸಾಮಾನ್ಯವಾಗಿ ಅವರದೇ. ಹಾರರ್‌ನಲ್ಲಿ ಇದು ಇನ್ನೂ ತೂಕದ ವಿಷಯ. ಏಕೆಂದರೆ ಇಲ್ಲಿ ಸಿನಿಮಾ ಮಾಡುವ ಖರ್ಚಿಗಿಂತ ಅದನ್ನು ಜನರಿಗೆ ತಿಳಿಸುವ ಖರ್ಚೇ ಎಷ್ಟೋ ಸಲ ಜಾಸ್ತಿ. ಕೆಲವೇ ಲಕ್ಷ ಡಾಲರ್‌ನಲ್ಲಿ ಮಾಡಿದ ಸಿನಿಮಾದ ಪ್ರಚಾರಕ್ಕೆ ಕೋಟಿಗಟ್ಟಲೆ ಡಾಲರ್ ಹಾಕಿದವರು, ಅದರ ಟ್ರೇಲರ್ ಹೇಗಿರಬೇಕು ಎಂದು ಹೇಳದೆ ಸುಮ್ಮನಿರುತ್ತಾರಾ?

ನಿರ್ಮಾಪಕನೇ ಟ್ರೇಲರ್ ಆದಾಗ

1960ರ 'ಸೈಕೋ' ಸಿನಿಮಾದ ಟ್ರೇಲರ್ ಸಿಕ್ಕರೆ ನೋಡಿ. ಆರು ನಿಮಿಷಕ್ಕೂ ಜಾಸ್ತಿ ಇದೆ. ಸಿನಿಮಾದ ದೃಶ್ಯಗಳೇ ಅದರಲ್ಲಿ ಇಲ್ಲ ಎನ್ನಬಹುದು. ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ತಾನೇ ಬಂದು ಸೆಟ್‌ನಲ್ಲಿ ಓಡಾಡುತ್ತಾರೆ. ಮೋಟೆಲ್ ತೋರಿಸುತ್ತಾರೆ, ಮನೆ ತೋರಿಸುತ್ತಾರೆ, ಮೆಟ್ಟಿಲು ತೋರಿಸುತ್ತಾರೆ. ಇಲ್ಲಿ ಏನೋ ಆಯಿತು ಎನ್ನುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಾರೆ. ಕೊನೆಗೆ ಸ್ನಾನದ ಮನೆಯ ಪರದೆ ಎಳೆದಾಗ ಒಬ್ಬ ಹೆಂಗಸು ಕಿರುಚುತ್ತಾಳೆ. ಆಕೆ ಸಿನಿಮಾದಲ್ಲಿ ಆ ದೃಶ್ಯ ಮಾಡಿದ ಜಾನೆಟ್ ಲೀ ಅಲ್ಲ, ವೆರಾ ಮೈಲ್ಸ್. ಟ್ರೇಲರ್‌ನಲ್ಲೂ ಗುಟ್ಟು ಗುಟ್ಟಾಗಿಯೇ ಉಳಿಯಿತು.

ಇದು ಹೇಗೆ ಸಾಧ್ಯವಾಯಿತು? ಸಿನಿಮಾ ಮಾಡಿದ್ದು ಹಿಚ್‌ಕಾಕ್ ಅವರದೇ ನಿರ್ಮಾಣ ಸಂಸ್ಥೆ, ಶ್ಯಾಮ್ಲಿ ಪ್ರೊಡಕ್ಷನ್ಸ್. ವಿತರಿಸಬೇಕಿದ್ದ ಪ್ಯಾರಾಮೌಂಟ್ ಸ್ಟುಡಿಯೋಗೆ ಈ ಕಥೆಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಆಗ ಹಿಚ್‌ಕಾಕ್ ತನ್ನ ಸಂಭಾವನೆ ಬಿಟ್ಟುಕೊಟ್ಟು, ಅದರ ಬದಲು ಸಿನಿಮಾದ ಒಡೆತನದಲ್ಲಿ ದೊಡ್ಡ ಪಾಲು ತೆಗೆದುಕೊಂಡರು. ಸುಮಾರು 8 ಲಕ್ಷ ಡಾಲರ್‌ನಲ್ಲಿ ಟಿವಿ ತಂಡವನ್ನೇ ಇಟ್ಟುಕೊಂಡು ಸಿನಿಮಾ ಮುಗಿಸಿದರು. ಸಿನಿಮಾ ತನ್ನದಾಗಿದ್ದರಿಂದ ಅದನ್ನು ಹೇಗೆ ಹೇಳಬೇಕು ಎಂಬುದೂ ತನ್ನದಾಯಿತು. ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂಬ ನಿಯಮವನ್ನೂ ಥಿಯೇಟರ್‌ಗಳು ಪಾಲಿಸುವ ಹಾಗೆ ಮಾಡಿದರು. ಆ ನಿಯಮವೇ ಪ್ರಚಾರವಾಯಿತು.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ವಿಲಿಯಂ ಕ್ಯಾಸಲ್ ಎಂಬ ನಿರ್ಮಾಪಕ 1958ರ 'ಮಕಾಬರ್' ಸಿನಿಮಾ ನೋಡುವಾಗ ಭಯದಿಂದ ಸತ್ತರೆ 1,000 ಡಾಲರ್ ಕೊಡುವ ವಿಮೆ ಮಾಡಿಸಿದರು. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ಸಂಸ್ಥೆ ಮೊದಲು ಹೆಸರು ಹುಡುಕುತ್ತಿತ್ತು, ಆಮೇಲೆ ಪೋಸ್ಟರ್ ಬಿಡಿಸುತ್ತಿತ್ತು, ಅದಾದ ಮೇಲೆ ಕಥೆ ಬರೆಸುತ್ತಿತ್ತು. ಹೆಸರು ಮತ್ತು ಪೋಸ್ಟರ್‌ಗೆ ಥಿಯೇಟರ್‌ನವರು ಒಲಿದರೆ ಮಾತ್ರ ಸಿನಿಮಾ. ಅಂದರೆ ಮಾತು ಮೊದಲು, ಅದನ್ನು ನಡೆಸಿಕೊಡುವುದು ಆಮೇಲೆ.

ಎರಡೂ ದಾರಿ ಇವತ್ತಿಗೂ ಇವೆ. ನನಗೆ ಹಿಚ್‌ಕಾಕ್ ದಾರಿಯೇ ಮೇಲು ಎನಿಸುತ್ತದೆ. ಅವರು ಜೀನಿಯಸ್ ಎಂಬ ಕಾರಣಕ್ಕೆ ಅಲ್ಲ. ಸಿನಿಮಾ ಮಾಡಿದವರೇ ಮಾತು ಕೊಟ್ಟಿದ್ದರು ಎಂಬ ಕಾರಣಕ್ಕೆ.

ಆಮೇಲಿನ ಕಾಲದಲ್ಲಿ ಇದೇ ದಾರಿಯಲ್ಲಿ ಗೆದ್ದ ಎರಡು ಸಣ್ಣ ಸಿನಿಮಾಗಳು ಹಾರರ್ ಪ್ರಚಾರದ ರೂಪವನ್ನೇ ಬದಲಿಸಿದವು. 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಮಾಡಿದ್ದು ಹ್ಯಾಕ್ಸನ್ ಫಿಲ್ಮ್ಸ್ ಎಂಬ ಪುಟ್ಟ ಸಂಸ್ಥೆ. ಕಾಡಿನಲ್ಲಿ ಕಾಣೆಯಾದ ಮೂವರು ವಿದ್ಯಾರ್ಥಿಗಳ ಕಥೆಯನ್ನು ನಿಜ ಎನ್ನುವ ಹಾಗೆ ಅವರು ಮೊದಲೇ ವೆಬ್‌ಸೈಟ್‌ನಲ್ಲಿ ಹೇಳತೊಡಗಿದ್ದರು. ಸಿನಿಮಾ ಕೊಂಡ ಆರ್ಟಿಸನ್ ಸಂಸ್ಥೆ ಅದನ್ನೇ ಹಿಗ್ಗಿಸಿತು. ಆರ್ಟಿಸನ್ ಕೊಟ್ಟಿದ್ದು ಸುಮಾರು 11 ಲಕ್ಷ ಡಾಲರ್. ಪ್ರಪಂಚದಾದ್ಯಂತ ಬಂದ ಗಳಿಕೆ 25 ಕೋಟಿ ಡಾಲರ್‌ಗೆ ಹತ್ತಿರ.

ಇನ್ನೊಂದು 'ಪ್ಯಾರಾನಾರ್ಮಲ್ ಆಕ್ಟಿವಿಟಿ'. ಓರೆನ್ ಪೆಲಿ ಅದನ್ನು ತನ್ನ ಮನೆಯಲ್ಲೇ ಸುಮಾರು 15 ಸಾವಿರ ಡಾಲರ್‌ನಲ್ಲಿ ಚಿತ್ರೀಕರಿಸಿದರು. 2009ರಲ್ಲಿ ಪ್ಯಾರಾಮೌಂಟ್ ಅದನ್ನು ಥಿಯೇಟರ್‌ಗೆ ತಂದಾಗ ಟ್ರೇಲರ್‌ನಲ್ಲಿ ಒಂದು ಹೊಸ ಕೆಲಸ ಮಾಡಿತು. ಸಿನಿಮಾ ತೋರಿಸುವ ಬದಲು ಸಿನಿಮಾ ನೋಡುತ್ತಿರುವ ಜನರನ್ನು ತೋರಿಸಿತು. ಕತ್ತಲೆಯ ಥಿಯೇಟರ್‌ನಲ್ಲಿ ರಾತ್ರಿ ಕ್ಯಾಮೆರಾ ಇಟ್ಟು, ಕುರ್ಚಿಯಿಂದ ಹಾರುವವರನ್ನು, ಕಣ್ಣು ಮುಚ್ಚಿಕೊಳ್ಳುವವರನ್ನು, ಪಕ್ಕದವರನ್ನು ಅಪ್ಪಿಕೊಳ್ಳುವವರನ್ನು ಸೆರೆಹಿಡಿದಿತ್ತು. ನಿಮ್ಮ ಊರಿಗೆ ಈ ಸಿನಿಮಾ ಬೇಕಾ, ಆನ್‌ಲೈನ್‌ನಲ್ಲಿ ಕೇಳಿ ಎಂದಿತು. ಹತ್ತು ಲಕ್ಷ ಜನ ಕೇಳಿದರು. ಗಳಿಕೆ 19 ಕೋಟಿ ಡಾಲರ್ ದಾಟಿತು.

ಆ ಸಿನಿಮಾದ ನಿರ್ಮಾಪಕರಲ್ಲಿ ಒಬ್ಬರು ಜೇಸನ್ ಬ್ಲಮ್. ಅವರ ಬ್ಲಮ್‌ಹೌಸ್ ಸಂಸ್ಥೆಯ ಭವಿಷ್ಯ ಬರೆದದ್ದು ಆ ಗೆಲುವು. ಅಲ್ಲಿಂದಾಚೆ ಹಲವು ವರ್ಷ ಹಾರರ್ ಟ್ರೇಲರ್‌ಗಳಲ್ಲಿ 'ಪ್ಯಾರಾನಾರ್ಮಲ್ ಆಕ್ಟಿವಿಟಿಯ ನಿರ್ಮಾಪಕರಿಂದ' ಎಂಬ ಸಾಲು ಮತ್ತೆ ಮತ್ತೆ ಕಾಣಿಸಿತು. ಕಥೆ ಬೇರೆ, ನಿರ್ದೇಶಕರು ಬೇರೆ, ನಟರು ಬೇರೆ. ಒಂದೇ ಆಗಿದ್ದದ್ದು ಬ್ಯಾನರ್.

ಲೋಗೋ ಒಂದು ರುಚಿ ಹೇಳುತ್ತದೆ

ಬ್ಲಮ್‌ಹೌಸ್ ಲೆಕ್ಕ ತಿಳಿಯುವುದಕ್ಕೆ ಸುಲಭ. ಖರ್ಚು ಕಡಿಮೆ ಇಡು, ನಿರ್ದೇಶಕರಿಗೆ ಸ್ವಾತಂತ್ರ್ಯ ಕೊಡು, ಪ್ರಚಾರ ಮತ್ತು ಬಿಡುಗಡೆಯನ್ನು ಯೂನಿವರ್ಸಲ್‌ನಂಥ ದೊಡ್ಡ ಸ್ಟುಡಿಯೋ ನೋಡಿಕೊಳ್ಳಲಿ. 2017ರ 'ಗೆಟ್ ಔಟ್' ಸುಮಾರು 45 ಲಕ್ಷ ಡಾಲರ್‌ನಲ್ಲಿ ಮಾಡಿದ ಸಿನಿಮಾ. 25 ಕೋಟಿ ದಾಟಿ ಗಳಿಸಿತು. ಈ ಲೆಕ್ಕದಲ್ಲಿ ಟ್ರೇಲರ್‌ನ ಕೆಲಸ ತುಂಬಾ ಸ್ಪಷ್ಟ. ಒಂದೇ ಸಾಲಿನಲ್ಲಿ ಹೇಳಬಹುದಾದ ಭಯ ಬೇಕು. ವರ್ಷಕ್ಕೆ ಒಂದು ರಾತ್ರಿ ಎಲ್ಲ ಅಪರಾಧಕ್ಕೂ ಕಾನೂನಿನ ಒಪ್ಪಿಗೆ ಇದ್ದರೆ? ಮಗುವಿಗೆ ಜೊತೆಯಾಗಲೆಂದು ಮಾಡಿದ ಗೊಂಬೆ ಕೊಲ್ಲತೊಡಗಿದರೆ? ಕೇಳಿದ ತಕ್ಷಣ ಟ್ರೇಲರ್ ಕಣ್ಣ ಮುಂದೆ ಬರುತ್ತದೆ. ಕಥೆ ಆಯ್ಕೆ ಮಾಡುವಾಗಲೇ ಟ್ರೇಲರ್ ಮನಸ್ಸಿನಲ್ಲಿ ಇದ್ದಂತೆ ಕಾಣುತ್ತದೆ. ಇದು ತಪ್ಪು ಎಂದು ನಾನು ಹೇಳುವುದಿಲ್ಲ. ಸಿನಿಮಾಕ್ಕೂ ಟ್ರೇಲರ್‌ಗೂ ಒಂದೇ ಬೇರು ಇದ್ದಾಗ ಮಾತು ತಪ್ಪುವ ಸಾಧ್ಯತೆ ಕಡಿಮೆ.

ಎ24 ಸಂಸ್ಥೆಯ ಲೋಗೋ ಹೇಳುವುದೇ ಬೇರೆ. ನಿಧಾನವಾದ, ಮೈಗೆ ಅಂಟಿಕೊಳ್ಳುವ, ಮನೆಯೊಳಗಿನ ದುಃಖದಿಂದ ಹುಟ್ಟುವ ಭಯ. ಆದರೆ ಇಲ್ಲೇ ಆ ಸಂಸ್ಥೆ ಎಡವಿತು ಕೂಡ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಬಿಡುಗಡೆಯ ದಿನ ಥಿಯೇಟರ್‌ನಿಂದ ಹೊರಬರುವವರನ್ನು ಕೇಳಿ ಎ ಇಂದ ಎಫ್ ತನಕ ಗ್ರೇಡ್ ಕೊಡುತ್ತದೆ. ಎ24 ತಂದ 'ದಿ ವಿಚ್'ಗೆ ಸಿಕ್ಕಿದ್ದು ಸಿ ಮೈನಸ್. 2017ರ 'ಇಟ್ ಕಮ್ಸ್ ಅಟ್ ನೈಟ್'ಗೆ ಡಿ. 2018ರ 'ಹೆರೆಡಿಟರಿ'ಗೆ ಡಿ ಪ್ಲಸ್. ಮೂರನ್ನೂ ವಿಮರ್ಶಕರು ಮೆಚ್ಚಿದ್ದರು. ಹಾಗಾದರೆ ಪ್ರೇಕ್ಷಕರಿಗೆ ರುಚಿ ಇಲ್ಲ ಎಂದು ಅರ್ಥವಾ? ನಾನು ಹಾಗೆ ಅಂದುಕೊಳ್ಳುವುದಿಲ್ಲ. 'ಇಟ್ ಕಮ್ಸ್ ಅಟ್ ನೈಟ್' ಟ್ರೇಲರ್ ನೋಡಿದವರಿಗೆ ರಾತ್ರಿ ಹೊರಗೆ ಏನೋ ಬರುತ್ತದೆ, ಅದನ್ನು ನೋಡುತ್ತೇವೆ ಎಂಬ ನಿರೀಕ್ಷೆ ಹುಟ್ಟುತ್ತದೆ. ಹೆಸರೂ ಅದನ್ನೇ ಹೇಳುತ್ತದೆ. ಸಿನಿಮಾ ಮಾತ್ರ ಒಂದು ಮನೆಯೊಳಗೆ ಇಬ್ಬರು ಗಂಡಸರು, ಅವರ ಕುಟುಂಬಗಳು, ಒಬ್ಬರ ಮೇಲೊಬ್ಬರಿಗೆ ಬೆಳೆಯುವ ಅನುಮಾನ, ಇದರ ಸುತ್ತ ನಡೆಯುತ್ತದೆ. ಸಿನಿಮಾ ಚೆನ್ನಾಗಿದೆ. ಆದರೆ ಬಂದವರು ಕೇಳಿದ್ದು ಅದನ್ನಲ್ಲ. ಅವರಿಗೆ ಬೇರೆ ಮಾತು ಕೊಡಲಾಗಿತ್ತು.

'ಹೆರೆಡಿಟರಿ' ವಿಷಯ ಇನ್ನೂ ಕುತೂಹಲದ್ದು. ಅದರ ಟ್ರೇಲರ್ ಒಂದು ಪಾತ್ರವನ್ನು ಮುಂದಿಟ್ಟು, ಸಿನಿಮಾ ಪೂರ್ತಿ ಆ ಪಾತ್ರದ ಸುತ್ತಲೇ ಎಂದು ನಂಬಿಸಿತು. ಸಿನಿಮಾದಲ್ಲಿ ಏನಾಗುತ್ತದೆ ಎಂದು ನೋಡದವರಿಗೋಸ್ಕರ ಇಲ್ಲಿ ಹೇಳುವುದಿಲ್ಲ. ನೋಡಿದವರಿಗೆ ಆ ಏಟು ನೆನಪಿರುತ್ತದೆ. ಇದೂ ಒಂದು ರೀತಿಯ ದಾರಿ ತಪ್ಪಿಸುವಿಕೆಯೇ. ಆದರೆ ಇದು ಸಿನಿಮಾದ ಒಳಗಿನ ಭಯವನ್ನು ಕಾಪಾಡುವುದಕ್ಕೆ ಮಾಡಿದ್ದು. ಹೊರಗಿನ ಯಾವುದೋ ಭಯವನ್ನು ತಂದು ಮಾರುವುದಕ್ಕೆ ಅಲ್ಲ. ಇವೆರಡರ ನಡುವೆ ವ್ಯತ್ಯಾಸ ಇದೆ. ಒಂದರಲ್ಲಿ ಗುಟ್ಟು ಉಳಿಯುತ್ತದೆ, ಇನ್ನೊಂದರಲ್ಲಿ ನಂಬಿಕೆ ಹೋಗುತ್ತದೆ.

ಇಂಥದ್ದೇ ನೋವು 2015ರ 'ಕ್ರಿಮ್ಸನ್ ಪೀಕ್'ಗೂ ಆಯಿತು. ನಿರ್ದೇಶಕ ಗಿಲೆರ್ಮೊ ಡೆಲ್ ಟೋರೊ ಇದು ಹಳೆಯ ಕಾಲದ ಪ್ರೇಮಕಥೆ, ಅದರಲ್ಲಿ ದೆವ್ವಗಳೂ ಇವೆ ಎಂದು ಹೇಳುತ್ತಲೇ ಬಂದರು. ಪ್ರಚಾರ ಮಾತ್ರ ಅದನ್ನು ದೆವ್ವದ ಸಿನಿಮಾ ಎಂದೇ ಮಾರಿತು. 2009ರ 'ಜೆನಿಫರ್ಸ್ ಬಾಡಿ' ಬಗ್ಗೆ ಅದರ ನಿರ್ದೇಶಕಿ ಕ್ಯಾರಿನ್ ಕುಸಾಮಾ ಮತ್ತು ಬರಹಗಾರ್ತಿ ಡಯಾಬ್ಲೊ ಕೋಡಿ ಇಬ್ಬರೂ ಆಮೇಲೆ ಬಹಿರಂಗವಾಗಿ ಬೇಸರ ಹೇಳಿಕೊಂಡರು. ಹುಡುಗಿಯರಿಗೆ ಎಂದು ಮಾಡಿದ ಸಿನಿಮಾವನ್ನು ಹುಡುಗರ ಆಸೆಗೆ ತಕ್ಕಂತೆ ಮಾರಾಟ ಮಾಡಲಾಯಿತು ಎಂಬುದು ಅವರ ದೂರು. ಆ ಸಿನಿಮಾವನ್ನು ಜನ ಸರಿಯಾಗಿ ನೋಡುವುದಕ್ಕೆ ಸುಮಾರು ಹತ್ತು ವರ್ಷ ಬೇಕಾಯಿತು. ಎರಡೂವರೆ ನಿಮಿಷದ ಟ್ರೇಲರ್ ಒಂದು ಸಿನಿಮಾದ ಹತ್ತು ವರ್ಷವನ್ನು ನುಂಗಬಲ್ಲದು ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ರಕ್ತ ತೋರಿಸದೆ ಹೆದರಿಸುವುದು

ಅಮೆರಿಕದಲ್ಲಿ ಸಿನಿಮಾಗಳಿಗೆ ರೇಟಿಂಗ್ ಕೊಡುವ ಮೋಷನ್ ಪಿಕ್ಚರ್ ಅಸೋಸಿಯೇಷನ್ ಟ್ರೇಲರ್‌ಗಳನ್ನೂ ನೋಡಿ ಒಪ್ಪಿಗೆ ಕೊಡುತ್ತದೆ. ಆ ಒಪ್ಪಿಗೆಯ ಗುರುತಾಗಿ ಟ್ರೇಲರ್‌ನ ಶುರುವಿನಲ್ಲಿ ಬಣ್ಣದ ಪಟ್ಟಿ ಬರುತ್ತದೆ. ಹಸಿರು ಪಟ್ಟಿಯ ಟ್ರೇಲರ್ ಬೇರೆ ಸಿನಿಮಾಗಳ ಮುಂದೆ ವಿಶಾಲವಾಗಿ ಓಡಬಹುದು. ಕೆಂಪು ಪಟ್ಟಿಯದು ದೊಡ್ಡವರ ಸಿನಿಮಾಗಳ ಮುಂದೆ, ಅದೂ ಮಿತಿಯಲ್ಲಿ. ಹಸಿರು ಬೇಕೆಂದರೆ ರಕ್ತ, ಕ್ರೌರ್ಯ ಎಲ್ಲ ಬಿಗಿಯಾಗಿ ಕಡಿಮೆಯಾಗಬೇಕು. ಉದ್ದದ ಮಿತಿ ಸುಮಾರು ಎರಡೂವರೆ ನಿಮಿಷ. ಅದನ್ನೂ ಎರಡು ನಿಮಿಷಕ್ಕೆ ಇಳಿಸಿ ಎಂದು ಥಿಯೇಟರ್ ಮಾಲೀಕರ ಸಂಘ 2014ರಲ್ಲಿ ಕೇಳಿತ್ತು. ಕಥೆ ಎಲ್ಲ ಟ್ರೇಲರ್‌ನಲ್ಲೇ ಗೊತ್ತಾಗುತ್ತದೆ ಎಂಬ ದೂರು ಪ್ರೇಕ್ಷಕರಿಂದ ಬಂದದ್ದೂ ಅದಕ್ಕೆ ಒಂದು ಕಾರಣ. ಪಾಲಿಸಲೇಬೇಕು ಎಂಬ ಒತ್ತಾಯ ಅದರಲ್ಲಿ ಇರಲಿಲ್ಲ.

ಹಾರರ್ ನಿರ್ಮಾಪಕರಿಗೆ ಈ ಹಸಿರು ಪಟ್ಟಿ ಕಟ್ಟಿಹಾಕಿದ ಹಾಗೆ ಕಾಣಬಹುದು. ನಿಜಕ್ಕೂ ಅದು ಒಳ್ಳೆಯದನ್ನೇ ಮಾಡಿತು. ರಕ್ತ ತೋರಿಸುವ ಹಾಗಿಲ್ಲ ಎಂದಾಗ ಸದ್ದಿನ ಮೇಲೆ ನಂಬಿಕೆ ಇಡಬೇಕಾಯಿತು. 2013ರ 'ದಿ ಕಾಂಜುರಿಂಗ್' ಟ್ರೇಲರ್ ನೆನಪಿಸಿಕೊಳ್ಳಿ. ಮಕ್ಕಳ ಕಣ್ಣಾಮುಚ್ಚಾಲೆಯಂಥ ಆಟ. ಕಣ್ಣು ಕಟ್ಟಿಕೊಂಡ ತಾಯಿ. ಚಪ್ಪಾಳೆಯ ಸದ್ದು ಕೇಳಿದ ಕಡೆ ಹೋಗಬೇಕು. ಕತ್ತಲೆಯಲ್ಲಿ ಎರಡು ಕೈ ಬಂದು ಚಪ್ಪಾಳೆ ತಟ್ಟುತ್ತವೆ. ಅಷ್ಟೇ. ಒಂದು ಹನಿ ರಕ್ತ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಒಬ್ಬನೇ ಅದನ್ನು ನೋಡಿದಾಗ ನಾನು ಹಿಂದೆ ತಿರುಗಿ ನೋಡಿದ್ದು ಇನ್ನೂ ನೆನಪಿದೆ. ಅದರ ನಿರ್ದೇಶಕ ಜೇಮ್ಸ್ ವಾನ್ ಹೆಸರು ಟ್ರೇಲರ್‌ಗಳಲ್ಲಿ ಒಂದು ಮುದ್ರೆಯಾಗಿ ನಿಂತದ್ದು ಆ ಸಿನಿಮಾದ ನಂತರ. ಅವರ ಅಟಾಮಿಕ್ ಮಾನ್‌ಸ್ಟರ್ ಸಂಸ್ಥೆ 2024ರ ಆರಂಭದಲ್ಲಿ ಬ್ಲಮ್‌ಹೌಸ್ ಜೊತೆ ಸೇರಿತು.

ಸದ್ದಿನ ಆಟ ಗೆರೆ ದಾಟಿದ್ದೂ ಇದೆ. 2018ರಲ್ಲಿ 'ದಿ ನನ್' ಸಿನಿಮಾದ ಕೆಲವೇ ಸೆಕೆಂಡಿನ ಜಾಹೀರಾತು ಯೂಟ್ಯೂಬ್‌ನಲ್ಲಿ ಬಂತು. ಪರದೆ ಮೇಲೆ ವಾಲ್ಯೂಮ್ ಚಿಹ್ನೆ ಇಳಿಯುವಂತೆ ತೋರಿಸಿ, ಇದ್ದಕ್ಕಿದ್ದಂತೆ ಮುಖವೊಂದು ಚೀರುತ್ತಾ ಎದುರಿಗೆ ಬರುತ್ತಿತ್ತು. ಬೇರೇನೋ ನೋಡಲು ಕೂತಿದ್ದ ಜನ ಬೆಚ್ಚಿಬಿದ್ದರು. ಯೂಟ್ಯೂಬ್ ಅದನ್ನು ತೆಗೆದುಹಾಕಿತು. ಅದೇ ವರ್ಷ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಕ್ಕಳ ಮೊಲದ ಸಿನಿಮಾಕ್ಕೆ ಮುಂಚೆ ತಪ್ಪಿ 'ಹೆರೆಡಿಟರಿ' ಟ್ರೇಲರ್ ಓಡಿ, ಅಪ್ಪ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದರು. ಹೆದರಲು ಒಪ್ಪಿ ಬಂದವರನ್ನು ಹೆದರಿಸುವುದು ಬೇರೆ, ಒಪ್ಪದವರನ್ನು ಹೆದರಿಸುವುದು ಬೇರೆ.

ಎಷ್ಟು ತೋರಿಸಬೇಕು?

ಹಾರರ್‌ನಲ್ಲಿ ಜಗಳ ಜಾಸ್ತಿ ನಡೆಯುವುದು ಈ ಪ್ರಶ್ನೆಯ ಮೇಲೆ. ಮಾರ್ಕೆಟಿಂಗ್‌ನವರ ವಾದದಲ್ಲೂ ಅರ್ಥ ಇದೆ. ಏನು ಸಿನಿಮಾ ಎಂದೇ ಗೊತ್ತಾಗದಿದ್ದರೆ ಯಾರು ಟಿಕೆಟ್ ಕೊಳ್ಳುತ್ತಾರೆ? 2024ರ 'ಅಬಿಗೇಲ್' ತೆಗೆದುಕೊಳ್ಳಿ. ಒಂದು ಪುಟ್ಟ ಹುಡುಗಿಯನ್ನು ಅಪಹರಿಸುವ ಗುಂಪಿನ ಕಥೆಯಾಗಿ ಸಿನಿಮಾ ಶುರುವಾಗುತ್ತದೆ. ಆ ಹುಡುಗಿ ರಕ್ತ ಹೀರುವ ವ್ಯಾಂಪೈರ್ ಎಂಬುದು ಸಿನಿಮಾದಲ್ಲಿ ಸಾಕಷ್ಟು ಹೊತ್ತಾದ ಮೇಲೆ ಗೊತ್ತಾಗುತ್ತದೆ. ಟ್ರೇಲರ್ ಮಾತ್ರ ಅದನ್ನು ಮೊದಲೇ ಹೇಳಿಬಿಟ್ಟಿತು. ಹೇಳದಿದ್ದರೆ ಅದು ಬರೀ ಅಪಹರಣದ ಸಿನಿಮಾ ಆಗಿ ಕಾಣುತ್ತಿತ್ತು ಎಂಬುದು ನಿಜ. ಆದರೆ ಹೇಳಿದ ಮೇಲೆ ಸಿನಿಮಾದ ಮೊದಲ ಭಾಗ ಪೂರ್ತಿ, ಪ್ರೇಕ್ಷಕರಿಗೆ ಗೊತ್ತಿರುವುದನ್ನು ಪಾತ್ರಗಳು ಯಾವಾಗ ತಿಳಿಯುತ್ತವೋ ಎಂದು ಕಾಯುವುದಾಯಿತು. ಸುಮಾರು 2.8 ಕೋಟಿ ಡಾಲರ್ ಖರ್ಚಿನ ಸಿನಿಮಾ ಸುಮಾರು 4.3 ಕೋಟಿಯಲ್ಲಿ ನಿಂತಿತು. ಥಿಯೇಟರ್ ಪಾಲು, ಪ್ರಚಾರದ ಖರ್ಚು ಕಳೆದರೆ ಅದು ಲಾಭ ಎನ್ನಿಸುವ ಮೊತ್ತ ಅಲ್ಲ.

ಎದುರಿಗೆ 2022ರ 'ಬಾರ್ಬೇರಿಯನ್' ಇಡಿ. ಒಂದೇ ಮನೆ ಇಬ್ಬರಿಗೆ ಬಾಡಿಗೆಗೆ ಹೋಗಿದೆ. ರಾತ್ರಿ, ಮಳೆ, ಅಪರಿಚಿತ ಗಂಡಸು, ಒಂಟಿ ಹುಡುಗಿ. ಟ್ರೇಲರ್ ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತದೆ. ಸಿನಿಮಾ ಎಲ್ಲಿಗೆ ಹೋಗುತ್ತದೆ ಎಂಬ ಸುಳಿವೇ ಇಲ್ಲ. ಅರ್ಧ ಕೋಟಿ ಡಾಲರ್‌ಗಿಂತ ಕಡಿಮೆ ಖರ್ಚಿನ ಆ ಸಿನಿಮಾ 4.5 ಕೋಟಿ ಗಳಿಸಿತು. ನೋಡಿದವರು ನೋಡದವರಿಗೆ ಹೇಳಿದ್ದು ಒಂದೇ ಮಾತು: ಏನೂ ತಿಳಿಯದೆ ಹೋಗಿ ನೋಡು. ಅದರ ನಿರ್ದೇಶಕ ಝ್ಯಾಕ್ ಕ್ರೆಗರ್ ಅವರ ಮುಂದಿನ ಸಿನಿಮಾ 'ವೆಪನ್ಸ್'ಗಾಗಿ ಸಂಸ್ಥೆಗಳ ನಡುವೆ ಹರಾಜೇ ನಡೆಯಿತು. ಅಂತಿಮ ಸಂಕಲನದ ಹಕ್ಕನ್ನೂ ಕೊಟ್ಟು ನ್ಯೂ ಲೈನ್ ಅದನ್ನು ಗೆದ್ದಿತು. 2025ರಲ್ಲಿ ಬಂದ ಅದರ ಪ್ರಚಾರ ಒಂದೇ ಚಿತ್ರದ ಮೇಲೆ ನಿಂತಿತ್ತು. ರಾತ್ರಿ 2 ಗಂಟೆ 17 ನಿಮಿಷಕ್ಕೆ ಮಕ್ಕಳು ಎರಡೂ ಕೈ ಅಗಲಿಸಿ ಕತ್ತಲೆಗೆ ಓಡುತ್ತಾರೆ. ಯಾಕೆ? ಹೇಳಲಿಲ್ಲ. ಸಿನಿಮಾದಲ್ಲಿ ಎಲ್ಲರಿಗೂ ನೆನಪಿನಲ್ಲಿ ಉಳಿದ ಪಾತ್ರವನ್ನು ಪ್ರಚಾರದಲ್ಲಿ ಮುಚ್ಚಿಟ್ಟರು. 3.8 ಕೋಟಿಯ ಸಿನಿಮಾ 26 ಕೋಟಿ ದಾಟಿತು.

2024ರ 'ಲಾಂಗ್‌ಲೆಗ್ಸ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ನಿಕೋಲಸ್ ಕೇಜ್‌ನಂಥ ದೊಡ್ಡ ಸ್ಟಾರ್ ಇದ್ದರು. ವಿತರಿಸಿದ ನಿಯಾನ್ ಸಂಸ್ಥೆ ಪ್ರಚಾರದಲ್ಲಿ ಅವರ ಮುಖವನ್ನೇ ತೋರಿಸಲಿಲ್ಲ. ಮೊದಲ ತುಣುಕುಗಳಲ್ಲಿ ಸಿನಿಮಾದ ಹೆಸರೂ ಇರಲಿಲ್ಲ. ನಾಯಕಿ ಮೈಕಾ ಮನ್ರೋ ಕೇಜ್ ಅವರ ವೇಷವನ್ನು ಮೊದಲ ಸಲ ನೋಡಿದಾಗ ಅವರ ಹೃದಯ ಬಡಿತ ನಿಮಿಷಕ್ಕೆ 170ಕ್ಕೆ ಏರಿತು ಎಂದು ಆ ಬಡಿತದ ಸದ್ದನ್ನೇ ಕೇಳಿಸಿತು. ಒಂದು ಕೋಟಿ ಡಾಲರ್‌ಗಿಂತ ಕಡಿಮೆ ಖರ್ಚಿನ ಸಿನಿಮಾ ಹತ್ತು ಕೋಟಿ ದಾಟಿತು. ಇಲ್ಲಿ ನೋಡಬೇಕಾದ್ದು ಧೈರ್ಯವನ್ನು. ಸ್ಟಾರ್ ಮುಖವನ್ನು ಮುಚ್ಚಿಡುವ ತೀರ್ಮಾನ ಒಬ್ಬ ಟ್ರೇಲರ್ ಎಡಿಟರ್ ತೆಗೆದುಕೊಳ್ಳುವಂಥದ್ದಲ್ಲ. ದುಡ್ಡು ಹಾಕಿದವರೇ ಹೂಂ ಎನ್ನಬೇಕು.

ಹಾಗೆಂದು ಮುಚ್ಚಿಟ್ಟರೆ ಸಾಕು, ಗೆಲುವು ಖಂಡಿತ ಎಂದೂ ಅಲ್ಲ. ಜೆ. ಜೆ. ಏಬ್ರಮ್ಸ್ ಅವರ ಬ್ಯಾಡ್ ರೋಬೋಟ್ ಸಂಸ್ಥೆ 2007ರಲ್ಲಿ ಹೆಸರೇ ಇಲ್ಲದ ಟೀಸರ್ ಬಿಟ್ಟು, ಬರೀ ಬಿಡುಗಡೆ ದಿನಾಂಕ ತೋರಿಸಿ 'ಕ್ಲೋವರ್‌ಫೀಲ್ಡ್'ಗೆ ದೊಡ್ಡ ಕುತೂಹಲ ಹುಟ್ಟಿಸಿತ್ತು. ಸಿನಿಮಾ ಗೆದ್ದಿತು. 2018ರಲ್ಲಿ ಅದೇ ಸರಣಿಯ ಮೂರನೆಯದಕ್ಕೆ ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಪಂದ್ಯದ ನಡುವೆ ಟ್ರೇಲರ್ ಬಿಟ್ಟು, ಅದೇ ರಾತ್ರಿ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾವನ್ನೂ ಬಿಟ್ಟರು. ಎಲ್ಲರೂ ನೋಡಿದರು, ಮೆಚ್ಚಿದವರು ಕಡಿಮೆ. ಗುಟ್ಟಿನ ಹಿಂದೆ ಸಿನಿಮಾ ಗಟ್ಟಿ ಇರಬೇಕು.

ಟ್ರೇಲರ್ ಸಿನಿಮಾವನ್ನು ಬದಲಿಸಿದಾಗ

ಕೆಲವೊಮ್ಮೆ ಪ್ರಭಾವ ಉಲ್ಟಾ ಹರಿಯುತ್ತದೆ. ನಿರ್ದೇಶಕ ಜೋರ್ಡನ್ ಪೀಲ್ ಅವರ ಮಂಕಿಪಾ ಸಂಸ್ಥೆಯ 'ಅಸ್' ಸಿನಿಮಾಕ್ಕೆ 2018ರ ಕೊನೆಯಲ್ಲಿ ಟ್ರೇಲರ್ ಬಂತು. ಹಳೆಯ ಹಿಪ್ ಹಾಪ್ ಹಾಡೊಂದನ್ನು ನಿಧಾನ ಮಾಡಿ, ಪಿಟೀಲಿನ ಎಳೆತ ಸೇರಿಸಿ ಅದಕ್ಕೆ ಬಳಸಿದ್ದರು. ಜನರಿಗೆ ಅದು ಎಷ್ಟು ಹಿಡಿಸಿತೆಂದರೆ, ಪೀಲ್ ಆ ರೂಪವನ್ನು ಸಿನಿಮಾದ ಕೊನೆಯ ಹೋರಾಟಕ್ಕೇ ತಂದರು. '28 ಇಯರ್ಸ್ ಲೇಟರ್' ಟ್ರೇಲರ್‌ನಲ್ಲಿ 1915ರಲ್ಲಿ ಧ್ವನಿಮುದ್ರಿಸಿಕೊಂಡ ಒಂದು ಪದ್ಯವಾಚನ ಬಳಸಿದರು. ನಡಿಗೆಯ ಲಯದಲ್ಲಿ ಶುರುವಾಗಿ ಹುಚ್ಚಿನ ತನಕ ಏರುವ ದನಿ. ಅದೂ ಸಿನಿಮಾದ ಒಳಗೆ ಬಂತು. ನಿರ್ಮಾಣ ಸಂಸ್ಥೆ, ನಿರ್ದೇಶಕ, ಟ್ರೇಲರ್ ಮಾಡುವವರು ಒಬ್ಬರ ಕೆಲಸವನ್ನು ಒಬ್ಬರು ಗಮನಿಸಿದರೆ ಇಂಥದ್ದು ಆಗುತ್ತದೆ.

ಕೊಲ್ಲುವ ಗೊಂಬೆಯ ಸಿನಿಮಾ 'ಮೇಗನ್' ಕಥೆ ಸ್ವಲ್ಪ ಬೇರೆ. 2022ರ ಅಕ್ಟೋಬರ್‌ನಲ್ಲಿ ಬಂದ ಅದರ ಟ್ರೇಲರ್‌ನಲ್ಲಿ ಗೊಂಬೆ ಕಾರಿಡಾರ್‌ನಲ್ಲಿ ಕುಣಿಯುತ್ತದೆ. ಕೆಲವೇ ಸೆಕೆಂಡು. ಹದಿಹರೆಯದ ಮಕ್ಕಳು ಅದನ್ನು ಅನುಕರಿಸಿ ಪ್ರಪಂಚಕ್ಕೆಲ್ಲ ಹಬ್ಬಿಸಿದರು. ಚಿತ್ರಕಥೆ ಬರೆದ ಅಕೇಲಾ ಕೂಪರ್ ಆಮೇಲೆ ಹೇಳಿದ ಪ್ರಕಾರ, ತಾನು ಬರೆದದ್ದು ಇನ್ನೂ ರಕ್ತಮಯವಾಗಿತ್ತು, ಟ್ರೇಲರ್ ಹಬ್ಬಿದ ಮೇಲೆ ಆ ವಯಸ್ಸಿನವರೂ ನೋಡುವ ಹಾಗಿರಲಿ ಎಂಬ ಯೋಚನೆ ಬಂತು. ಸಿನಿಮಾ 18 ಕೋಟಿ ಡಾಲರ್ ಗಳಿಸಿತು. 2025ರ ಎರಡನೇ ಭಾಗದ ಟ್ರೇಲರ್ ಆ ಕುಣಿತ, ತಮಾಷೆ, ಹೊಡೆದಾಟಗಳನ್ನೇ ಮುಂದಿಟ್ಟಿತು. ಭಯ ಹಿಂದೆ ಸರಿಯಿತು. ಗಳಿಕೆ 4 ಕೋಟಿಯ ಆಸುಪಾಸಿನಲ್ಲಿ ನಿಂತಿತು. ಸಿನಿಮಾದ ಬಗೆಯನ್ನೇ ಬದಲಿಸಿದ್ದು ತಪ್ಪಾಯಿತು ಎಂಬ ಅರ್ಥದಲ್ಲಿ ಜೇಸನ್ ಬ್ಲಮ್ ಬಹಿರಂಗವಾಗಿಯೇ ಮಾತಾಡಿದರು. ಅಷ್ಟು ನೇರವಾಗಿ ಒಪ್ಪಿಕೊಳ್ಳುವವರು ಈ ಉದ್ಯಮದಲ್ಲಿ ಕಡಿಮೆ. ನನಗೆ ಅದು ಹಿಡಿಸಿತು.

ಮಾತಿಗೆ ಕಾನೂನು, ಲೋಗೋಗೆ ಕಳ್ಳರು

ಟ್ರೇಲರ್‌ನ ಮಾತಿಗೆ ಕಾನೂನಿನ ಬೆಲೆ ಇದೆಯೇ? ಹಾರರ್ ಅಲ್ಲದ ಒಂದು ಸಿನಿಮಾದ ವಿಷಯದಲ್ಲಿ ಈ ಪ್ರಶ್ನೆ ಅಮೆರಿಕದ ಕೋರ್ಟಿಗೆ ಬಂತು. 'ಯೆಸ್ಟರ್ಡೇ' ಸಿನಿಮಾದ ಟ್ರೇಲರ್‌ನಲ್ಲಿ ನಟಿ ಆನಾ ಡಿ ಆರ್ಮಸ್ ಇದ್ದರು, ಸಿನಿಮಾದಲ್ಲಿ ಅವರ ಪಾತ್ರವನ್ನೇ ಕತ್ತರಿಸಿದ್ದರು. ತಲಾ 3.99 ಡಾಲರ್ ಕೊಟ್ಟು ಸಿನಿಮಾ ಬಾಡಿಗೆಗೆ ಪಡೆದ ಇಬ್ಬರು ಯೂನಿವರ್ಸಲ್ ಮೇಲೆ ದಾವೆ ಹಾಕಿದರು. ಟ್ರೇಲರ್ ಕೂಡ ಒಂದು ಕಲಾಕೃತಿ, ಅದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು ಸ್ಟುಡಿಯೋ ವಾದಿಸಿತು. 2022ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಟ್ರೇಲರ್ ವ್ಯಾಪಾರದ ಮಾತು, ಸುಳ್ಳು ಜಾಹೀರಾತಿನ ಕಾನೂನು ಅದಕ್ಕೂ ಅನ್ವಯಿಸಬಹುದು ಎಂದರು. ಮೊಕದ್ದಮೆ ತೀರ್ಪಿನ ತನಕ ಹೋಗಲಿಲ್ಲ. ಆದರೆ ಆ ಮಾತು ಉಳಿದಿದೆ. ಸಿನಿಮಾದಲ್ಲಿ ಇಲ್ಲದ ದೆವ್ವವನ್ನು ಟ್ರೇಲರ್‌ನಲ್ಲಿ ತೋರಿಸುವವರು ಅದನ್ನು ಓದಿಕೊಳ್ಳುವುದು ಒಳ್ಳೆಯದು.

ಈಗ ಹೊಸ ತಲೆನೋವು ಬಂದಿದೆ. ಎಐ ಬಳಸಿ ಮಾಡಿದ ನಕಲಿ ಟ್ರೇಲರ್‌ಗಳು. ಬಾರದ ಸಿನಿಮಾಗಳಿಗೂ ಟ್ರೇಲರ್, ಬರಲಿರುವ ಸಿನಿಮಾಗಳಿಗೆ ಅಸಲಿಗಿಂತ ಮೊದಲೇ ಟ್ರೇಲರ್. ನಕಲಿಯೂ ಶುರುವಾಗುವುದು ಅಸಲಿಯ ಹಾಗೆಯೇ. ಕತ್ತಲೆ, ಒಂದು ಲೋಗೋ, ಆಮೇಲೆ ಸದ್ದು. 2025ರ ಮಾರ್ಚ್‌ನಲ್ಲಿ ಒಂದು ಸಂಗತಿ ಬೆಳಕಿಗೆ ಬಂತು. ಕೆಲವು ದೊಡ್ಡ ಸ್ಟುಡಿಯೋಗಳು ಈ ನಕಲಿಗಳನ್ನು ತೆಗೆಸುವ ಬದಲು, ಅವುಗಳಿಂದ ಬರುವ ಜಾಹೀರಾತಿನ ದುಡ್ಡು ತಮಗೆ ಬರಲಿ ಎಂದು ಕೇಳಿಕೊಂಡಿದ್ದವು. ಸುದ್ದಿಯಾದ ಮೇಲೆ ಯೂಟ್ಯೂಬ್ ಎರಡು ದೊಡ್ಡ ಚಾನೆಲ್‌ಗಳ ಆದಾಯ ನಿಲ್ಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ಚಾನೆಲ್‌ಗಳನ್ನೇ ತೆಗೆಯಿತು.

ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಬ್ಯಾನರ್ ಹೆಸರಿನ ಮೇಲೆ ಜನ ಟಿಕೆಟ್ ಕೊಳ್ಳುವುದು ಹಾರರ್‌ನಲ್ಲೇ ಜಾಸ್ತಿ. ಆ ನಂಬಿಕೆ ಕಟ್ಟುವುದಕ್ಕೆ ಹಲವು ವರ್ಷ, ಹಲವು ಸಿನಿಮಾ ಬೇಕಾಗಿವೆ. ಬೇರೆಯವರು ತನ್ನ ಲೋಗೋ ಹಾಕಿಕೊಂಡು ಸುಳ್ಳು ಮಾತು ಕೊಡುತ್ತಿರುವಾಗ, ಅದರಲ್ಲಿ ಪಾಲು ಕೇಳುವುದು ಸರಿಯಲ್ಲ. ಈಗ ಹೊಸ ಹಾರರ್ ಟ್ರೇಲರ್ ಕಂಡರೆ ನಾನು ಲೋಗೋ ನೋಡುವುದಕ್ಕೆ ಮುಂಚೆ ಕೆಳಗೆ ನೋಡುತ್ತೇನೆ. ಅದನ್ನು ಹಾಕಿರುವ ಚಾನೆಲ್ ಆ ನಿರ್ಮಾಣ ಸಂಸ್ಥೆಯದ್ದೋ ಸ್ಟುಡಿಯೋದ್ದೋ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ.